‘ಕೊಟ್ಟರೆ ಮಾರಿಕೊಳ್ತಾರೆ’ ಎನ್ನುವವರಿಗೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕೂ ಊರುಗಳಲ್ಲಿ ನಗರಸಭೆಗಳಿವೆ. 2011ರ ಜನಗಣತಿಯಂತೆ ಚಿಂತಾಮಣಿಯಲ್ಲಿ ಸುಮಾರು 76 ಸಾವಿರ, ಚಿಕ್ಕಬಳ್ಳಾಪುರದಲ್ಲಿ 63 ಸಾವಿರ, ಶಿಡ್ಲಘಟ್ಟದಲ್ಲಿ 51 ಸಾವಿರ, ಗೌರಿಬಿದನೂರಿನಲ್ಲಿ 38 ಸಾವಿರ ಜನ. ಆಮೇಲೆ ಊರುಗಳು ಎಷ್ಟು ಬೆಳೆದಿವೆ ಎಂಬುದನ್ನು ಬೈಪಾಸಿನ ಬದಿಯ ಲೇಔಟುಗಳೇ ಹೇಳುತ್ತವೆ. ಈ ನಗರಸಭೆಗಳು ತಮ್ಮ ಜಾಗದಲ್ಲಿ, ಊರೊಳಗೆ, ಕೂಲಿ ಮಾಡುವವರು ತೆರಬಲ್ಲ ಬಾಡಿಗೆಗೆ ಮನೆ ಕಟ್ಟಿ ಕೊಡಬೇಕು, ಒಡೆತನವನ್ನು ತಮ್ಮಲ್ಲೇ ಉಳಿಸಿಕೊಳ್ಳಬೇಕು ಎಂದು ನಾನು ಬಹಳ ದಿನದಿಂದ ಹೇಳುತ್ತಿದ್ದೇನೆ. ಈ ಮಾತು ಎತ್ತಿದಾಗಲೆಲ್ಲ ಎದುರಾಗುವ ಆಕ್ಷೇಪಗಳು ಹೆಚ್ಚುಕಡಿಮೆ ಅವೇ. ಹೇಳುವವರು ಕೆಟ್ಟವರಲ್ಲ. ಅವರಲ್ಲಿ ಮೇಷ್ಟರಿದ್ದಾರೆ, ವಕೀಲರಿದ್ದಾರೆ, ನಗರಸಭೆಯಲ್ಲಿ ಸದಸ್ಯರಾಗಿದ್ದವರೂ ಇದ್ದಾರೆ. ಅದಕ್ಕೇ ಅವರ ಮಾತುಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರ ಕೊಡಬೇಕು ಅನ್ನಿಸಿದೆ.

‘ನಮ್ಮೂರಲ್ಲಿ ಬೀದಿಯಲ್ಲಿ ಮಲಗುವವರು ಎಷ್ಟು ಜನ ಇದ್ದಾರೆ, ತೋರಿಸಿ. ಎಲ್ಲರಿಗೂ ಒಂದಲ್ಲ ಒಂದು ಸೂರಿದೆ’ ಎನ್ನುವುದು ಮೊದಲ ಆಕ್ಷೇಪ. ಸೂರು ಇರಬಹುದು. ಅದರ ಕೆಳಗೆ ಎಷ್ಟು ಜನ? ಕೇಂದ್ರದ ವಸತಿ ಸಚಿವಾಲಯ ನೇಮಿಸಿದ ತಜ್ಞರ ತಂಡವೊಂದು 2012ರಲ್ಲಿ ದೇಶದ ನಗರಗಳಿಗೆ ಸುಮಾರು 1.88 ಕೋಟಿ ಮನೆಗಳು ಕಡಿಮೆ ಬಿದ್ದಿವೆ ಎಂದು ಲೆಕ್ಕ ಕೊಟ್ಟಿತು. ಅದರಲ್ಲಿ 1.5 ಕೋಟಿಯಷ್ಟು, ಅಂದರೆ ಐದರಲ್ಲಿ ನಾಲ್ಕು ಪಾಲು, ಇಕ್ಕಟ್ಟಿನದೇ ಲೆಕ್ಕ. ಮದುವೆಯಾದ ಜೋಡಿಗೆ ತನ್ನದೆಂಬ ಒಂದು ಕೋಣೆ ಇಲ್ಲದ ಸಂಸಾರಗಳು ಅವು. ಬೀದಿಯಲ್ಲಿ ಮಲಗುವವರು ಆ ಲೆಕ್ಕದಲ್ಲಿ ತೀರ ಚಿಕ್ಕ ಪಾಲು. ಒಟ್ಟು ಕೊರತೆಯ ನೂರಕ್ಕೆ 95 ಪಾಲು ಕಡಿಮೆ ಆದಾಯದವರದ್ದೇ ಆಗಿತ್ತು.

ಅಂಕಿ ಬೇಡವೆಂದರೆ ಶಿಡ್ಲಘಟ್ಟದ ರೇಷ್ಮೆ ಬೀದಿಗಳಿಗೆ ಬನ್ನಿ. ನೂಲು ಬಿಚ್ಚುವ ಕೆಲಸದವರ ಮನೆಗಳಲ್ಲಿ ಹಗಲಿಗೆ ಅಡುಗೆಮನೆಯಾದದ್ದೇ ರಾತ್ರಿಗೆ ಮಲಗುವ ಕೋಣೆ. ಮನೆಗೆ ಹೊಸ ಸೊಸೆ ಬಂದರೆ ಮಾವ ಚಾಪೆ ಸುತ್ತಿಕೊಂಡು ಜಗುಲಿಗೆ ಬರುತ್ತಾರೆ, ಮೈದುನ ಗೆಳೆಯನ ಅಂಗಡಿಗೆ ಹೋಗುತ್ತಾನೆ, ಹತ್ತನೇ ತರಗತಿಯ ಹುಡುಗಿ ಬೀದಿದೀಪದ ಬೆಳಕು ಬೀಳುವ ಹೊಸ್ತಿಲಲ್ಲಿ ಕುಳಿತು ಓದುತ್ತಾಳೆ. ಇವರಲ್ಲಿ ಯಾರೂ ಬೀದಿಯಲ್ಲಿ ಮಲಗುವವರ ಪಟ್ಟಿಗೆ ಸೇರುವುದಿಲ್ಲ.

ಎರಡನೆಯ ಆಕ್ಷೇಪ, ‘ಬೀದಿಬೀದಿಗೂ ಟು ಲೆಟ್ ಬೋರ್ಡು ನೇತಾಡುತ್ತಿವೆ, ಖಾಲಿ ಮನೆಗಳಿರುವಾಗ ಹೊಸದನ್ನು ಕಟ್ಟುವುದು ಯಾಕೆ?’ ಬೋರ್ಡುಗಳಿರುವುದು ನಿಜ. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಸಿಕ್ಕವು. ಆಗಲೇ ಕೊರತೆಯೂ 1.88 ಕೋಟಿಯಷ್ಟಿತ್ತು. ಎರಡೂ ಒಟ್ಟಿಗೆ ನಿಜವಾಗಿರುವುದಕ್ಕೆ ಕಾರಣ ಇಷ್ಟೇ, ಖಾಲಿ ಇದ್ದ ಮನೆಗಳನ್ನು ಮನೆಯಿಲ್ಲದವರಿಗಾಗಿ ಕಟ್ಟಿರಲಿಲ್ಲ. ನಮ್ಮಲ್ಲೂ ಹಾಗೆಯೇ. ಕೋಲಾರದಿಂದ ಬೇರೆಯಾಗಿ 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಆಮೇಲೆ ಮೆಡಿಕಲ್ ಕಾಲೇಜು ಬಂತು. ಅಧಿಕಾರಿಗಳು, ವಿದ್ಯಾರ್ಥಿಗಳು, ಬೆಂಗಳೂರಿನ ದುಡ್ಡು ಎಲ್ಲವೂ ಬಂದವು. ಮನೆ ಕಟ್ಟುವವರು ಅವರನ್ನು ನೋಡಿಕೊಂಡು ಎರಡು ಕೋಣೆ, ಅಟ್ಯಾಚ್ಡ್ ಬಾತ್‌ರೂಮು, ಕಾರು ನಿಲ್ಲಿಸಲು ಜಾಗ ಮಾಡಿ ಕಟ್ಟಿದರು. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಹೆಂಗಸಿಗಾಗಿ ಯಾರೂ ಕಟ್ಟಲಿಲ್ಲ.

ಬಾಡಿಗೆಯೊಂದೇ ಅಡ್ಡಿಯಾಗಿದ್ದರೆ ಹೇಗೋ ಹೊಂದಿಸಬಹುದಿತ್ತು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸಿನ ಚಾಳಿ ನಮ್ಮ ಕಡೆಗೂ ಬಂದಿದೆ. ಕೇಂದ್ರ ಸರ್ಕಾರ 2021ರಲ್ಲಿ ಸಿದ್ಧಪಡಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳಬಾರದೆಂದಿದೆ. ಆ ಮಾದರಿ ನಮ್ಮ ಬೀದಿಗಳಿಗೆ ಇಳಿದಿಲ್ಲ. ಅಡ್ವಾನ್ಸನ್ನೂ ಹೊಂದಿಸಿಕೊಂಡು ಹೋದರೆ ಬಾಗಿಲಲ್ಲೇ ಇನ್ನೊಂದು ಪ್ರಶ್ನೆ ಕಾದಿರುತ್ತದೆ: ‘ನೀವು ಯಾವ ಜನ?’ ಚಿಂತಾಮಣಿ ಕಡೆ ತೆಲುಗಿನಲ್ಲಾದರೆ ‘ಮನೋಳ್ಳೇನಾ?’

ನಮ್ಮ ತಂದೆ ಹೊಲಿಗೆ ಕೆಲಸದವರು. ನಾನು ಶಾಲೆ ಮುಗಿಸುವಷ್ಟರಲ್ಲಿ ಆರು ಬಾಡಿಗೆ ಮನೆ ಬದಲಿಸಿದೆವು. ಆ ಪ್ರಶ್ನೆ ಬಂದಾಗಲೆಲ್ಲ ಅಪ್ಪ ಉತ್ತರ ಕೊಡುವ ಮೊದಲು ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಸುಳ್ಳು ಹೇಳುವ ಮನುಷ್ಯರಲ್ಲ. ಹೇಳಿದ ಮೇಲೆ ‘ನಿನ್ನೆಯೇ ಯಾರೋ ಅಡ್ವಾನ್ಸ್ ಕೊಟ್ಟು ಹೋದರು’ ಎಂಬ ಮಾತು ಬರುತ್ತಿತ್ತು. ಬೋರ್ಡು ಮಾತ್ರ ಮುಂದಿನ ವಾರವೂ ಅಲ್ಲೇ ಇರುತ್ತಿತ್ತು. ಸಿಕ್ಕ ಮನೆಯ ಒಡೆಯರು ಕರಾರು ಪತ್ರ ಬರೆದುಕೊಡಲು ಒಪ್ಪುತ್ತಿರಲಿಲ್ಲ, ಪತ್ರ ಕೊಟ್ಟರೆ ಬಾಡಿಗೆದಾರ ಏಳುವುದಿಲ್ಲ ಎಂಬ ಭಯ. ಪತ್ರವಿಲ್ಲದೆ ವಿಳಾಸದ ದಾಖಲೆ ಇಲ್ಲ. ದಾಖಲೆ ಇಲ್ಲದೆ ಸರ್ಕಾರಿ ಮನೆಗೆ ಅರ್ಜಿ ಹಾಕುವಂತಿಲ್ಲ. ಮನೆ ಇಲ್ಲವೆಂದು ಹೇಳಿಕೊಳ್ಳಲು ಮೊದಲು ಮನೆಯ ವಿಳಾಸ ಬೇಕು ಎಂಬ ಈ ಸಿಕ್ಕಿನಲ್ಲಿ ಅಪ್ಪನ ಅರ್ಜಿ ಎರಡು ಸಲ ವಾಪಸು ಬಂತು. ಇವತ್ತಿಗೂ ಎಷ್ಟೋ ಸಂಸಾರಗಳು ಅದೇ ಸಿಕ್ಕಿನಲ್ಲಿವೆ. ಟು ಲೆಟ್ ಬೋರ್ಡು ತೋರಿಸುವವರು ಒಮ್ಮೆ ಆ ಬಾಗಿಲಲ್ಲಿ ನಿಂತು ನೋಡಲಿ.

ಇನ್ನು ಎಲ್ಲರ ಬಾಯಲ್ಲೂ ಇರುವ ಮಾತು: ‘ಕೊಟ್ಟರೆ ಮಾರಿಕೊಳ್ತಾರೆ. ಜನತಾ ಮನೆ ಕೊಟ್ಟಾಯಿತು, ಆಶ್ರಯ ಮನೆ ಕೊಟ್ಟಾಯಿತು, ಈಗ ಅಲ್ಲಿ ಇರುವವರು ಯಾರು ನೋಡಿ.’

ಮಾರಿಕೊಂಡವರಿದ್ದಾರೆ. ಅದನ್ನು ಮುಚ್ಚಿಡುವುದಿಲ್ಲ. ದೇವರಾಜ ಅರಸರ ಕಾಲದ ಜನತಾ ಮನೆಗಳಿಂದ ಹಿಡಿದು 90ರ ದಶಕದ ಆಶ್ರಯ ಮನೆಗಳವರೆಗೆ, ಪರಭಾರೆ ಮಾಡಬಾರದೆಂಬ ಷರತ್ತಿದ್ದರೂ, ಬಿಳಿ ಕಾಗದದ ಮೇಲೆ, ಬಾಯಿ ಮಾತಿನ ಮೇಲೆ ಕೈ ಬದಲಾದ ಮನೆಗಳು ಊರೂರಲ್ಲಿವೆ. ಆದರೆ ಮಾರಿದ್ದು ಯಾಕೆಂದು ಕೇಳಿದವರು ಕಡಿಮೆ. ವಸತಿ ನಿಗಮದ ಸಹಾಯಧನ ಕೈಗೆ ಬರುವ ರೀತಿ ನೋಡಿ. ಬುನಾದಿ, ಲಿಂಟಲ್, ಛಾವಣಿ, ಪೂರ್ಣ ಎಂದು ನಾಲ್ಕು ಹಂತ. ಪ್ರತಿ ಹಂತಕ್ಕೂ ಮೊದಲು ತನ್ನ ಕೈಯಿಂದ ಕಟ್ಟಬೇಕು, ಆಮೇಲೆ ಜಿಪಿಎಸ್ ಫೋಟೋ, ಆಮೇಲೆ ಬಿಲ್ಲು. ದಿನಗೂಲಿಯವರ ಹತ್ತಿರ ಬುನಾದಿಗೆ ಹಾಕುವ ದುಡ್ಡೆಲ್ಲಿರುತ್ತದೆ? ಸಂಘದಲ್ಲಿ ಸಾಲ, ಮೇಸ್ತ್ರಿ ಹತ್ತಿರ ಸಾಲ, ಕಬ್ಬಿಣ ಸಿಮೆಂಟಿನ ಅಂಗಡಿಯಲ್ಲಿ ಸಾಲ. ‘ಬಿಲ್ ಆಗಿಲ್ಲ’ ಎಂಬ ಎರಡು ಪದದಲ್ಲಿ ಎಷ್ಟು ಗೋಡೆಗಳು ಲಿಂಟಲ್ ಮಟ್ಟಕ್ಕೇ ನಿಂತು ಮಳೆಗೆ ಕರಗಿವೆ! ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯಲ್ಲಿ ಸ್ವಂತ ಜಾಗದಲ್ಲಿ ಕಟ್ಟಿಕೊಳ್ಳುವವರಿಗೆ ಕೇಂದ್ರದ ಪಾಲು 2015ರಿಂದ ಒಂದೂವರೆ ಲಕ್ಷವಿತ್ತು. ಇವತ್ತಿನ ಗಾರೆ ದರದಲ್ಲಿ ಆ ದುಡ್ಡಿಗೆ ಒಂದು ಚದರ ಏಳುವುದೂ ಕಷ್ಟ. ಸಾಲ ಕುತ್ತಿಗೆಗೆ ಬಂದಾಗ, ಆಸ್ಪತ್ರೆಯ ಖರ್ಚು ಬಂದಾಗ, ಮಗಳ ಮದುವೆ ಬಂದಾಗ ಬಡವರ ಹತ್ತಿರ ಮಾರಲು ಅದೊಂದೇ ಇರುತ್ತದೆ. ಮಧ್ಯಮ ವರ್ಗದವರು ಮಗನ ಓದಿಗೆ ಸೈಟು ಮಾರಿದರೆ ತ್ಯಾಗ ಎನ್ನುತ್ತೇವೆ.

ಕೊಂಡವರ ಬಗ್ಗೆ ಈ ಆಕ್ಷೇಪ ಒಂದು ಮಾತೂ ಆಡುವುದಿಲ್ಲ ಎಂಬುದು ನನ್ನನ್ನು ಹೆಚ್ಚು ನೋಯಿಸುತ್ತದೆ. ಮಾರುವವರಿದ್ದರೆ ಕೊಳ್ಳುವವರೂ ಇರಲೇಬೇಕು. ಕಾನೂನಿಗೆ ವಿರುದ್ಧವೆಂದು ಗೊತ್ತಿದ್ದೂ ಬಡವರ ಹಕ್ಕುಪತ್ರವನ್ನು ಅಗ್ಗಕ್ಕೆ ಕೊಂಡವರು ಊರಿನ ಮರ್ಯಾದಸ್ಥರೇ ಆಗಿರುತ್ತಾರೆ. ತಪ್ಪಿನ ಅರ್ಧವನ್ನು ಬಿಟ್ಟು ಇನ್ನರ್ಧಕ್ಕೆ ಇಡೀ ಸಮುದಾಯವನ್ನು ಶಿಕ್ಷಿಸುವುದು ಯಾವ ನ್ಯಾಯ?

ಅದೆಲ್ಲ ಇರಲಿ, ಮಾರಾಟದ ಭಯಕ್ಕೆ ನಾನು ಹೇಳುತ್ತಿರುವ ದಾರಿಯಲ್ಲೇ ಉತ್ತರವಿದೆ. ಮನೆ ನಗರಸಭೆಯದಾಗಿ ಉಳಿದು ಬಾಡಿಗೆಗೆ ಹೋದರೆ ಮಾರುವುದಕ್ಕೆ ಬಾಡಿಗೆದಾರರ ಕೈಯಲ್ಲಿ ಪತ್ರವೇ ಇರುವುದಿಲ್ಲ. ‘ನಗರಸಭೆಗೆ ಬಾಡಿಗೆ ವಸೂಲಿ ಬರುತ್ತದೆಯೇ?’ ಎಂದು ಕೇಳಬಹುದು. ಸಂತೆ ಬೀದಿ, ಬಸ್ ನಿಲ್ದಾಣಗಳ ಬಳಿ ಮಳಿಗೆ ಕಟ್ಟಿಸಿ, ಹರಾಜು ಹಾಕಿ, ಬಾಡಿಗೆ ತೆಗೆದುಕೊಳ್ಳುವುದು ನಮ್ಮ ನಗರಸಭೆಗಳಿಗೆ ಹೊಸದಲ್ಲ. ಅಂಗಡಿಗೆ ಒಡೆಯನಾಗಬಲ್ಲ ನಗರಸಭೆ ಮನೆಗೂ ಒಡೆಯನಾಗಬಲ್ಲದು. ಮಳಿಗೆಗಳಲ್ಲಿ ಬಾಕಿ ಉಳಿಯುತ್ತದೆ ಎನ್ನುತ್ತೀರಾ? ಉಳಿಯುತ್ತದೆ, ಒಳಬಾಡಿಗೆಗೆ ಕೊಡುವುದೂ ನಡೆಯುತ್ತದೆ. ಆದರೂ ಮಳಿಗೆ ಕಟ್ಟುವುದನ್ನು ಯಾರೂ ನಿಲ್ಲಿಸಿ ಎಂದಿಲ್ಲ.

‘ಊರೊಳಗೇ ಬೇಕೆಂಬ ಹಠ ಯಾಕೆ? ನಾಲ್ಕೈದು ಕಿಲೋಮೀಟರ್ ಆಚೆ ಸರ್ಕಾರಿ ಜಮೀನಿದೆ, ಅಲ್ಲಿ ಇಪ್ಪತ್ತು ಮೂವತ್ತರ ಸೈಟು ಕೊಟ್ಟರಾಯಿತು.’ ಈ ಮಾತು ಕೇಳಲು ಉದಾರವಾಗಿದೆ. ನನ್ನ ಮಟ್ಟಿಗೆ ಎಲ್ಲ ಆಕ್ಷೇಪಗಳಲ್ಲಿ ಹೆಚ್ಚು ಹಾನಿ ಮಾಡಿರುವುದು ಇದೇ.

ಬಡವರಿಗೆ ಮನೆ ಎಂದರೆ ಕೆಲಸಕ್ಕೆ ಹತ್ತಿರದ ಜಾಗ. ಶಿಡ್ಲಘಟ್ಟದಲ್ಲಿ ಬೆಳಗ್ಗೆ ಬೇಗ ಒಲೆ ಹೊತ್ತಬೇಕು, ನೀರು ಕಾಯಬೇಕು, ರೇಷ್ಮೆಗೂಡು ಬೇಯಬೇಕು. ನೂಲು ಬಿಚ್ಚುವ ಚರಕ, ಕಾಟೇಜು ಬೇಸಿನ್ನಿನ ಮುಂದೆ ಕೂರುವ ಹೆಂಗಸು ಮಧ್ಯೆ ಎದ್ದು ಹೋಗಿ ಮಗುವಿಗೆ ಹಾಲು ಕುಡಿಸಿ ಬರುತ್ತಾಳೆ. ಮನೆ ಎರಡು ಬೀದಿ ಆಚೆ ಇರುವುದರಿಂದಲೇ ಅವಳಿಗೆ ಆ ಕೆಲಸ ಸಾಧ್ಯ. ಚಿಂತಾಮಣಿಯಲ್ಲಿ ಮಂಡಿಯ ಹಮಾಲರು ಲಾರಿ ಬಂದ ಹೊತ್ತಿಗೆ ಏಳಬೇಕು, ಅದು ರಾತ್ರಿ ಎರಡು ಗಂಟೆಯೂ ಆಗಬಹುದು. ಗೌರಿಬಿದನೂರಿನಿಂದ ಬೆಂಗಳೂರಿಗೆ ದುಡಿಯಲು ಹೋಗುವವರು ಹಿಂದೂಪುರದ ಕಡೆಯಿಂದ ಬರುವ ಬೆಳಗಿನ ರೈಲು ಹಿಡಿಯಬೇಕು. ಇವರನ್ನು ಬಸ್ಸಿಲ್ಲದ ಗುಡ್ಡದ ಬುಡಕ್ಕೆ ಕಳಿಸಿದರೆ ಸಿಕ್ಕ ಕೂಲಿಯಲ್ಲಿ ಒಂದು ಪಾಲು ಆಟೋಗೆ ಹೋಗುತ್ತದೆ. ಹೆಂಗಸರು ಕೆಲಸ ಬಿಡುತ್ತಾರೆ. ಒಂದೆರಡು ವರ್ಷ ನೋಡಿ ಆ ಸೈಟಿನಲ್ಲಿ ಒಂದು ಕಲ್ಲು ನೆಟ್ಟು, ವಾಪಸು ಊರಿಗೆ ಬಂದು ಮತ್ತೆ ಶೀಟಿನ ಮನೆಯಲ್ಲಿ ಬಾಡಿಗೆಗೆ ಕೂರುತ್ತಾರೆ. ಆಮೇಲೆ ‘ಕೊಟ್ಟರೆ ಇರಲ್ಲ, ಮಾರಿಕೊಳ್ತಾರೆ’ ಎಂಬ ಮಾತು ಶುರುವಾಗುತ್ತದೆ. ಹಿಂದಿನ ಆಕ್ಷೇಪಕ್ಕೆ ಕಾರಣ ಹುಟ್ಟಿಸುವುದೇ ಈ ಆಕ್ಷೇಪ.

ಸುಪ್ರೀಂ ಕೋರ್ಟು ಇದನ್ನು ನಮಗಿಂತ ಮೊದಲೇ ಕಂಡಿದೆ. 1985ರ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ, ಮುಂಬಯಿಯ ಫುಟ್‌ಪಾತ್ ವಾಸಿಗಳು ಅಲ್ಲಿರುವುದು ಕೆಲಸ ಹತ್ತಿರವಿದೆ ಎಂಬ ಕಾರಣಕ್ಕೆ, ಅಲ್ಲಿಂದ ಎಬ್ಬಿಸಿದರೆ ಅವರ ಜೀವನೋಪಾಯವೇ ಹೋಗುತ್ತದೆ ಎಂಬುದನ್ನು ನ್ಯಾಯಾಲಯ ಒಪ್ಪಿತು. ಅವರನ್ನು ಅಲ್ಲಿಂದ ತೆರವು ಮಾಡುವ ಅಧಿಕಾರವನ್ನು ಪಾಲಿಕೆಗೆ ಉಳಿಸಿತು ಎಂಬುದೂ ನಿಜ. 1996ರ ಚಮೇಲಿ ಸಿಂಗ್ ಪ್ರಕರಣದಲ್ಲಿ ಮಾತು ಇನ್ನೂ ಸ್ಪಷ್ಟವಾಯಿತು. ವಸತಿಯ ಹಕ್ಕು ಎಂದರೆ ತಲೆಯ ಮೇಲಿನ ಸೂರು ಮಾತ್ರವಲ್ಲ, ಸಾಕಷ್ಟು ಜಾಗ, ಗಾಳಿ, ಬೆಳಕು, ನೀರು, ವಿದ್ಯುತ್, ರಸ್ತೆಯಂಥ ಸೌಕರ್ಯಗಳೂ ಅದರಲ್ಲಿ ಸೇರಿವೆ ಎಂದಿತು. ನೀರಿನ ಪೈಪು ಬರುವ ಮೊದಲೇ ಹಕ್ಕುಪತ್ರ ಹಂಚಿ ಫೋಟೋ ತೆಗೆಸಿಕೊಳ್ಳುವ ನಮ್ಮ ಪದ್ಧತಿಯನ್ನು ಈ ಮಾತಿನ ಪಕ್ಕ ಇಟ್ಟು ನೋಡಬೇಕು.

‘ಊರೊಳಗೆ ಜಾಗವೇ ಇಲ್ಲ.’ ಇದಕ್ಕೆ ಒಂದು ಲೆಕ್ಕ. ಒಂದು ಎಕರೆ ಎಂದರೆ 43,560 ಚದರ ಅಡಿ. ರಸ್ತೆ, ಚರಂಡಿ, ಬಯಲು ಎಂದು ಅರ್ಧ ಬಿಟ್ಟರೆ ಇಪ್ಪತ್ತು ಮೂವತ್ತರ ಸೈಟುಗಳು 36 ಆಗುತ್ತವೆ. ಅದೇ ಎಕರೆಯಲ್ಲಿ ಕಾಲು ಭಾಗ ಮಾತ್ರ ಕಟ್ಟಡ ಎಬ್ಬಿಸಿ, ಮುಕ್ಕಾಲು ಭಾಗ ಬಯಲು ಬಿಟ್ಟು, ನಾಲ್ಕು ಅಂತಸ್ತು ಕಟ್ಟಿದರೆ, ಮೆಟ್ಟಿಲು ಓಣಿ ಎಲ್ಲ ಸೇರಿ ಮನೆಯೊಂದಕ್ಕೆ 400 ಅಡಿ ಹಿಡಿದರೂ ನೂರಕ್ಕೂ ಹೆಚ್ಚು ಮನೆಗಳಾಗುತ್ತವೆ. ನಾನು ಕೇಳುತ್ತಿರುವುದು ಊರಿಗೊಂದು ನೂರು ಎಕರೆಯಲ್ಲ. ಬಳಕೆ ತಪ್ಪಿದ ಸರ್ಕಾರಿ ಕಟ್ಟಡಗಳ ಆವರಣ, ಒತ್ತುವರಿ ತೆರವಾದ ನಗರಸಭೆಯ ಜಾಗ, ಲೇಔಟುಗಳಲ್ಲಿ ನಾಗರಿಕ ಸೌಲಭ್ಯಕ್ಕೆಂದು ಬಿಟ್ಟುಕೊಟ್ಟ ನಿವೇಶನಗಳಲ್ಲಿ ಕಾನೂನು ಒಪ್ಪುವಂಥವು, ಇವನ್ನು ಮೊದಲು ಪಟ್ಟಿ ಮಾಡಿ ಊರಿನ ಮುಂದೆ ಇಡಲಿ. ಕೆರೆಯ ಅಂಗಳ, ರಾಜಕಾಲುವೆ ಬೇಡವೇ ಬೇಡ. ಕಂದವಾರ ಕೆರೆಗೆ ಬೆಂಗಳೂರಿನ ಸಂಸ್ಕರಿಸಿದ ನೀರು ತಂದು ತುಂಬಿಸಿಕೊಳ್ಳಬೇಕಾದ ನಾಡಿನಲ್ಲಿ ಬಡವರ ಹೆಸರು ಹೇಳಿ ಕೆರೆ ಮುಚ್ಚುವುದನ್ನು ನಾನು ಒಪ್ಪುವುದಿಲ್ಲ. ಮೊದಲ ಮಳೆಗೆ ಮುಳುಗುವುದೂ ಅವರ ಮನೆಯೇ.

ಇಲ್ಲಿ ಒಂದು ಆಕ್ಷೇಪಕ್ಕೆ ತಲೆಬಾಗುತ್ತೇನೆ. ‘ಮಹಡಿ ಮನೆ ನಮ್ಮ ಜನಕ್ಕೆ ಒಗ್ಗಲ್ಲ, ಕುರಿ ಕೋಳಿ ಕಟ್ಟುವವರು, ಒಲೆ ಹಾಕಿ ಗೂಡು ಬೇಯಿಸುವವರು ಮೂರನೇ ಅಂತಸ್ತಿನಲ್ಲಿ ಏನು ಮಾಡಬೇಕು?’ ಸರಿಯಾದ ಪ್ರಶ್ನೆ. ಮನೆಯೇ ಕೆಲಸದ ಜಾಗವಾಗಿರುವವರಿಗೆ ನೆಲದ ಮನೆ ಅಥವಾ ಪಕ್ಕದಲ್ಲೇ ಕೆಲಸದ ಶೆಡ್ಡು ಬೇಕು. ಬೇರೆ ಊರುಗಳ ನಕ್ಷೆ ತಂದು ಶಿಡ್ಲಘಟ್ಟದಲ್ಲಿ ಹಾಕಿದರೆ ಆಗುವುದಿಲ್ಲ. ಕಟ್ಟುವ ಮೊದಲು ಅಲ್ಲಿ ಇರಬೇಕಾದವರನ್ನು ಕೇಳಬೇಕು.

ಹಣದ ಮಾತಿಗೆ ಬರೋಣ. ‘ತೆರಿಗೆ ಕಟ್ಟುವವರ ದುಡ್ಡಲ್ಲಿ ಬೇರೆಯವರಿಗೆ ಮನೆ ಯಾಕೆ?’ ಬಾಡಿಗೆದಾರರು ತೆರಿಗೆ ಕಟ್ಟುವುದಿಲ್ಲ ಎಂಬುದೇ ತಪ್ಪು. ಮಾಲೀಕರು ಕಟ್ಟುವ ಕಂದಾಯ ಬಾಡಿಗೆಯೊಳಗೇ ಸೇರಿರುತ್ತದೆ. ಅದಕ್ಕಿಂತ ದೊಡ್ಡ ಸಂಗತಿ ಎಂದರೆ ಸರ್ಕಾರ ಉಳ್ಳವರ ಮನೆಗೂ ದುಡ್ಡು ಕೊಡುತ್ತದೆ, ನಾವು ಅದಕ್ಕೆ ಬೇರೆ ಹೆಸರಿಟ್ಟಿದ್ದೇವೆ. ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿ ಗೃಹಸಾಲದ ಬಡ್ಡಿಯ ಮೇಲೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಇದೆ. ನೂರಕ್ಕೆ 30ರ ಹಂತದಲ್ಲಿರುವವರಿಗೆ ವರ್ಷಕ್ಕೆ 60 ಸಾವಿರದಷ್ಟು ಉಳಿತಾಯ. ಮೂರೇ ವರ್ಷದಲ್ಲಿ ಅದು ಗುಡಿಸಲಿನ ಸಂಸಾರಕ್ಕೆ ಜೀವಮಾನಕ್ಕೊಮ್ಮೆ ಸಿಗುವ ಕೇಂದ್ರದ ಒಂದೂವರೆ ಲಕ್ಷವನ್ನು ದಾಟುತ್ತದೆ. ಇನ್ನೊಂದನ್ನೂ ಹೇಳಬೇಕು. 2017ರಿಂದ 2021ರ ಮಾರ್ಚ್‌ವರೆಗೆ ಅದೇ ಆವಾಸ್ ಯೋಜನೆಯಡಿ ವರ್ಷಕ್ಕೆ 18 ಲಕ್ಷ ಆದಾಯದವರೆಗಿನ ಕುಟುಂಬಗಳಿಗೂ ಸಾಲದ ಬಡ್ಡಿಗೆ ಸಬ್ಸಿಡಿ ಇತ್ತು, 2.30 ಲಕ್ಷದವರೆಗೆ. ಬಡವರಿಗೆ ಬಡ್ಡಿ ಸಬ್ಸಿಡಿ 2.67 ಲಕ್ಷದವರೆಗಿತ್ತು, ಒಪ್ಪುತ್ತೇನೆ. ಆದರೆ ಅದು ಬ್ಯಾಂಕು ಸಾಲ ಕೊಟ್ಟರೆ ಮಾತ್ರ. ಸಂಬಳದ ಚೀಟಿ ಇಲ್ಲದ ಗಾರೆ ಕೆಲಸದವನಿಗೆ ಇಪ್ಪತ್ತು ವರ್ಷದ ಸಾಲ ಕೊಡುವ ಬ್ಯಾಂಕು ಎಲ್ಲಿದೆ? ‘ಸಾಲ ಮಾಡಿ ಕಟ್ಟಿಕೊಳ್ಳಲಿ’ ಎನ್ನುವವರಿಗೂ ಉತ್ತರ ಇದೇ. ಮಧ್ಯಮ ವರ್ಗಕ್ಕೆ ಸಿಕ್ಕ ನೆರವನ್ನು ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಅದೇ ನೆರವನ್ನು ಬಡವರಿಗೆ ಕೊಟ್ಟಾಗ ಭಿಕ್ಷೆ ಎನ್ನಬೇಡಿ ಎನ್ನುತ್ತಿದ್ದೇನೆ.

‘ಮನೆ ಕಟ್ಟಿದರೆ ಹೊರಗಿನವರು ಬಂದು ತುಂಬಿಕೊಳ್ಳುತ್ತಾರೆ.’ ಅವರು ಆಗಲೇ ಬಂದಿದ್ದಾರೆ, ನಾವೇ ಕರೆಸಿದ್ದೇವೆ. ನಮ್ಮ ಮನೆಗಳ ಆರ್‌ಸಿಸಿ ಹಾಕುವವರು ರಾಯಚೂರು, ಕಲಬುರಗಿಯವರು. ಕಾರ್ಖಾನೆಗಳಲ್ಲಿ ಬಿಹಾರ, ಒಡಿಶಾದ ಹುಡುಗರಿದ್ದಾರೆ. 2020ರ ಲಾಕ್‌ಡೌನಿನಲ್ಲಿ ವಲಸೆ ಕಾರ್ಮಿಕರು ಹೆದ್ದಾರಿಯಲ್ಲಿ ನಡೆದು ಹೋದದ್ದನ್ನು ದೇಶ ನೋಡಿತು. ಆ ಜುಲೈನಲ್ಲೇ ಕೇಂದ್ರ ಸರ್ಕಾರ ಕೈಗೆಟುಕುವ ಬಾಡಿಗೆ ಮನೆಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಬಾಡಿಗೆ ಮನೆ ಸರ್ಕಾರದ ಕೆಲಸವೆಂದು ಒಪ್ಪಲು ಅಷ್ಟು ಜನ ಅಷ್ಟು ದೂರ ನಡೆಯಬೇಕಾಯಿತು.

‘ಇದು ನಗರಸಭೆಯ ಕೆಲಸವೇ ಅಲ್ಲ, ಬೀದಿದೀಪ, ಕಸ, ನೀರು ನೋಡಿಕೊಂಡರೆ ಸಾಕು.’ ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ 12ನೇ ಅನುಸೂಚಿಯ 18 ವಿಷಯಗಳಲ್ಲಿ ಕೊಳೆಗೇರಿ ಸುಧಾರಣೆ ಇದೆ, ನಗರದ ಬಡತನ ನಿವಾರಣೆ ಇದೆ. ನಮ್ಮ ನಾಡಿನ ಚರಿತ್ರೆಯೂ ಇದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಜನ ಸತ್ತ ಮೇಲೆ ಸರ್ಕಾರ ಮುಂದೆ ನಿಂತು ಬಸವನಗುಡಿ, ಮಲ್ಲೇಶ್ವರಗಳನ್ನು ಕಟ್ಟಿಸಿತು. ಮೈಸೂರಿನಲ್ಲಿ 1903ರಲ್ಲೇ ನಗರಾಭಿವೃದ್ಧಿ ಮಂಡಳಿ ಹುಟ್ಟಿತು. ಸಿಂಗಪುರದಲ್ಲಿ 1960ರಲ್ಲಿ ಹುಟ್ಟಿದ ವಸತಿ ಮಂಡಳಿಯ ಮನೆಗಳಲ್ಲಿ ಇವತ್ತು ಹತ್ತರಲ್ಲಿ ಎಂಟರಷ್ಟು ಜನ ಇದ್ದಾರೆ. ವಿಯೆನ್ನಾ ನಗರದ ಪೌರಸಂಸ್ಥೆ ನೂರು ವರ್ಷದಿಂದ ಬಾಡಿಗೆ ಮನೆಗಳ ಒಡೆಯ. ಆ ಊರುಗಳ ಹಣ ನಮಗಿಲ್ಲ, ನಿಜ. ಆದರೆ ಇದು ಪೌರಸಂಸ್ಥೆಯ ಕೆಲಸವೇ ಅಲ್ಲ ಎಂಬ ಮಾತು ನಿಲ್ಲುವುದಿಲ್ಲ.

ಕೊನೆಯದು, ನಾನು ಹೆಚ್ಚು ಗೌರವದಿಂದ ಕೇಳಿಸಿಕೊಳ್ಳುವ ಆಕ್ಷೇಪ: ‘ಕಟ್ಟಿದರೂ ಸಿಗುವುದು ಬೆಂಬಲಿಗರಿಗೆ, ನಿಜವಾದ ಬಡವರಿಗಲ್ಲ.’ ಹಳ್ಳಿಯಲ್ಲಿ ಫಲಾನುಭವಿಗಳ ಪಟ್ಟಿ ಗ್ರಾಮಸಭೆಯ ಮುಂದೆ ಬರಬೇಕು. ಅಲ್ಲಿ ಎದ್ದು ನಿಂತು ‘ಅವನಿಗೆ ಎರಡಂತಸ್ತಿನ ಮನೆಯಿದೆ’ ಎನ್ನಲು ಒಂದು ಜಾಗವಾದರೂ ಇದೆ. ಪಟ್ಟಣದಲ್ಲಿ ಪಟ್ಟಿ ಮಾಡುವುದು ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ. ಸಂವಿಧಾನ ವಾರ್ಡು ಸಮಿತಿಯನ್ನು ಕಡ್ಡಾಯ ಮಾಡಿದ್ದು 3 ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ಊರುಗಳಿಗೆ. 2011ರ ಲೆಕ್ಕದಲ್ಲಿ ನಮ್ಮ ನಾಲ್ಕೂ ಊರುಗಳನ್ನು ಸೇರಿಸಿದರೂ 3 ಲಕ್ಷವಾಗುವುದಿಲ್ಲ. ಹಾಗಾಗಿ ಚಿಂತಾಮಣಿಯ ಬಾಡಿಗೆದಾರರಿಗೆ ಪಕ್ಕದ ಹಳ್ಳಿಯವರಿಗಿರುವಷ್ಟೂ ಕೇಳುವ ಜಾಗವಿಲ್ಲ. ಇದಕ್ಕೆ ಕಟ್ಟುವುದನ್ನೇ ನಿಲ್ಲಿಸುವುದು ಪರಿಹಾರವಲ್ಲ. ಕಡ್ಡಾಯವಿಲ್ಲದಿದ್ದರೂ ವಾರ್ಡಿನ ಸಭೆ ಕರೆಯಲು ನಗರಸಭೆಗೆ ಯಾರ ಅಡ್ಡಿಯೂ ಇಲ್ಲ. ಅರ್ಜಿ ಹಾಕಿದವರ ಹೆಸರು, ತಾರೀಖು, ಯಾರಿಗೆ ಯಾಕೆ ಸಿಕ್ಕಿತು ಎಂಬುದನ್ನು ಕಚೇರಿಯ ಗೋಡೆಗೆ ಅಂಟಿಸಲು ಒಂದು ಹಾಳೆ ಸಾಕು.

2027ರ ಜನಗಣತಿಯ ಮನೆಪಟ್ಟಿಗೆ ಬರುವ ಗಣತಿದಾರರ ಹತ್ತಿರ ಈ ಇಕ್ಕಟ್ಟನ್ನು ಅಳೆಯುವ ಎರಡು ಪ್ರಶ್ನೆಗಳೂ ಇರುತ್ತವೆ. ಈ ಸಂಸಾರಕ್ಕೆ ವಾಸದ ಕೋಣೆಗಳೆಷ್ಟು? ಇದರಲ್ಲಿ ಮದುವೆಯಾದ ಜೋಡಿಗಳೆಷ್ಟು? ಬಾಡಿಗೆ ಮನೆಯ ಅಕ್ಕತಂಗಿಯರು, ಅಣ್ಣತಮ್ಮಂದಿರು ಒಡೆಯರಿಗೆ ಹೆದರಿ ಜನ ಕಡಿಮೆ ಹೇಳಬೇಡಿ, ಮರ್ಯಾದೆಗೆ ಅಂಜಿ ಕೋಣೆ ಹೆಚ್ಚು ಹೇಳಬೇಡಿ. ಜಗುಲಿಯಲ್ಲಿ ಮಲಗುವ ಮಾವನನ್ನೂ ಅಂಗಡಿಯಲ್ಲಿ ಮಲಗುವ ಮೈದುನನನ್ನೂ ಸೇರಿಸಿ ಬರೆಸಿ.